ಲೆಕ್ಕದ ಅಕ್ಕನ ಪಟ್ಟಿ

ಉಗರಗೋಳದಲ್ಲಿ ಸ್ವಂತ ಮನೆಯುಳ್ಳವನಿಗೆ ಬಂಧುಗಳ ಕೊರತೆಯೆಂಬುದು ಎಂದೂ ಬರುವುದಿಲ್ಲ. ಎಲ್ಲಮ್ಮನ ಗುಡ್ಡದ ಮಗ್ಗುಲಲ್ಲಿ ಹುಟ್ಟಿದ ಪುಣ್ಯಕ್ಕೆ, ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ನಮ್ಮ ಪಡಸಾಲೆ ನಮ್ಮದಾಗಿ ಉಳಿಯುವುದಿಲ್ಲ. ಚಕ್ಕಡಿ ಹೂಡಿಕೊಂಡು ಬರುವವರು, ಟ್ರ್ಯಾಕ್ಟರಿನಲ್ಲಿ ಬರುವವರು, 2023ರ ಜೂನ್ ತಿಂಗಳಿನಿಂದ ಬಸ್ಸಿಗೆ ದುಡ್ಡು ಕೊಡದೆ ಬರುವ ಅಕ್ಕತಂಗಿಯರು, ಇವರೆಲ್ಲರ ಹಣೆಯ ಭಂಡಾರ ನಮ್ಮ ಗೋಡೆಗೂ ಹಾಸಿಗೆಗೂ ಹತ್ತಿಕೊಂಡು ಮುಂದಿನ ದೀಪಾವಳಿಗೆ ಸುಣ್ಣ ಬಳಿಯುವವರೆಗೆ ಹಾಗೆಯೇ ಇರುತ್ತದೆ.

ಈ ಸಲ ಬನದ ಹುಣ್ಣಿಮೆಗೆ ಬಂದವರಲ್ಲಿ ನನ್ನ ಅಣ್ಣನ ಮಗನೂ ಒಬ್ಬ. ಬೆಂಗಳೂರಿನ ದೊಡ್ಡದೊಂದು ಕಂಪನಿಯಲ್ಲಿ ತಂತ್ರಾಂಶ ಬರೆಯುವವರ ಮೇಲೆ ಅಧಿಕಾರಿಯಾಗಿರುವವನು. ಗುಡ್ಡ ಹತ್ತಿ ಇಳಿದು, ಕರಿಗಡುಬು ಉಂಡು, ಕಟ್ಟೆಯ ಮೇಲೆ ಗಾಳಿಗೆ ಕುಳಿತ ಮೇಲೂ ಅವನ ಮುಖ ಅರಳಲಿಲ್ಲ. ಕಾರಣ ಕೇಳಿದೆ.

“ಕಾಕಾ, ನಮ್ಮ ಕಂಪನ್ಯಾಗ ಹೊಸಾ ಹುಚ್ಚ ಹಿಡದೈತಿ,” ಎಂದ. “ಸಾಫ್ಟ್‌ವೇರ್ ಅಂದ್ರೇನು ಅಂತ ಗೊತ್ತಿಲ್ಲದವ್ರಿಗೆ, ನಿಮ್ಮ ಕೆಲಸಕ್ಕ ಬೇಕಾದ್ದು ನೀವ ಮಾಡ್ಕೋರಿ ಅಂತ ಬಿಟ್ಟಾರ. ರಜಾ ಲೆಕ್ಕಾ ಇಡಾಕಿ ಒಂದು ಮಾಡ್ಯಾಳ, ಸ್ಟೋರಿನಾಂವ ಒಂದು ಮಾಡ್ಯಾನ. ಅವು ಕೆಟ್ಟ ಕುಂತ್ರ ರಾತ್ರಿ ಎಬ್ಬಸೂದು ನನ್ನ.”

ಅವನ ಸಂಕಟ ಸುಳ್ಳಾಗಿರಲಿಲ್ಲ. ಸಂಕೇತಭಾಷೆಯ ಒಂದಕ್ಷರವನ್ನೂ ಬರೆಯದೆ, ತೆರೆಯ ಮೇಲೆ ಚೌಕಗಳನ್ನು ಎಳೆದು ಜೋಡಿಸಿ ಕಚೇರಿಯ ತಂತ್ರಾಂಶವನ್ನು ಕಟ್ಟಿಕೊಳ್ಳುವ ಸಾಧನಗಳು ಬಂದು ಬಹಳ ದಿನಗಳಾದವು. ಮೈಕ್ರೋಸಾಫ್ಟಿನವರು ಪವರ್ ಆ್ಯಪ್ಸ್ ಎಂಬುದನ್ನು 2016ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಗೂಗಲಿನವರು 2020ರಲ್ಲಿ ಆ್ಯಪ್‌ಶೀಟ್ ಎಂಬ ಸಂಸ್ಥೆಯನ್ನೇ ಕೊಂಡುಕೊಂಡರು. ಈಗಂತೂ ಬೇಕಾದುದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಂತ್ರವೇ ಬರೆದುಕೊಡುವ ಕಾಲ. ಹೀಗೆ ಮಾಡಿಕೊಳ್ಳುವವರಿಗೆ ಅವನ ಕಂಪನಿಯಲ್ಲಿ ‘ಸಿಟಿಜನ್ ಡೆವಲಪರ್’ ಎಂಬ ಬಿರುದು ಬೇರೆ ಉಂಟಂತೆ. ಆ ಬಿರುದನ್ನು ಅವನು ಉಚ್ಚರಿಸಿದ ರೀತಿಯಲ್ಲಿ, ಹಳೆಯ ವೈದ್ಯನು ನಾಟಿ ಮದ್ದಿನವನ ಹೆಸರು ಹೇಳುವಾಗಿನ ಧ್ವನಿಯಿತ್ತು.

ನಾನು ನಕ್ಕೆ. “ಆ ಹುಚ್ಚು ನಮ್ಮ ಸೊಸಾಯ್ಟಿಗೆ ನಿನ್ನ ಕಂಪನೀಗಿಂತ ಮೊದಲ ಹಿಡದಿತ್ತಪಾ,” ಎಂದೆ. ಅಂದು ಅವನಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಾನು ನೌಕರಿ ಮಾಡಿದ್ದು ನಮ್ಮೂರಿನಲ್ಲಲ್ಲ. ಸವದತ್ತಿ ತಾಲೂಕಿನ ಇನ್ನೊಂದು ಹಳ್ಳಿಯ ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ. ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರು ಮುಂದಿನ ಹುಣ್ಣಿಮೆಗೆ ನಮ್ಮ ಮನೆಯಲ್ಲಿ ಇಳಿದುಕೊಳ್ಳಲಿಕ್ಕಿಲ್ಲ. ಕಾರಕೂನನಾಗಿ ಸೇರಿ ಕಾರ್ಯದರ್ಶಿಯಾಗಿ ನಿವೃತ್ತನಾದೆ. ಸಹಕಾರವೆಂಬುದು ನಮ್ಮ ಸೀಮೆಗೆ ಪರಕೀಯವಾದುದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲನೆಯ ಕೃಷಿ ಪತ್ತಿನ ಸಂಘವನ್ನು ಕಟ್ಟಿದ್ದು 1905ರಲ್ಲಿ. ಊರಿನ ಲೆಕ್ಕವನ್ನು ಊರವರೇ ಬರೆದುಕೊಂಡು ಊರವರಿಗೇ ಒಪ್ಪಿಸುವ ಪದ್ಧತಿ ಅಲ್ಲಿಂದಾಚೆಗೆ ಈ ಕಪ್ಪುಮಣ್ಣಿನಲ್ಲಿ ಬೇರುಬಿಟ್ಟಿತು.

ನಾನು ಸೇರಿದ ಕಾಲದಲ್ಲಿ ಖಾತೆಯ ಪುಸ್ತಕಕ್ಕೆ ಗೆರೆ ಹಾಕುವವರು ನಾವೇ. ದುಂಡನೆಯ ರೂಲುಕೋಲು, ಕೆಂಪು ಮಸಿ, ಎಡಗೈಯ ಹೆಬ್ಬೆರಳು, ಇಷ್ಟಿದ್ದರೆ ಬೇಕಾದ ಮನೆ ಸಿದ್ಧ. ಅಸಲು, ಬಡ್ಡಿ, ಜಮಾ, ಬಾಕಿ, ಇವೆಲ್ಲ ಮೇಲಿನವರು ಹೇಳಿದ ಮನೆಗಳು. ಕಟ್ಟಕಡೆಯದು ಮಾತ್ರ ನಮ್ಮ ಸ್ವಂತದ್ದು: ಶರಾ. ಆ ಮನೆಯಲ್ಲಿ ಏನಿರುತ್ತಿರಲಿಲ್ಲ! ‘ಮಗಳ ಲಗ್ನವಿದೆ, ಯುಗಾದಿಯ ತರುವಾಯ ಕೇಳತಕ್ಕದ್ದು.’ ‘ಇವರಿಗೆ ಹೇಳಿ ಉಪಯೋಗವಿಲ್ಲ, ಮನೆಯವರಿಗೆ ಹೇಳತಕ್ಕದ್ದು.’ ‘ಎತ್ತು ಸತ್ತಿದೆ.’ ನನಗಿಂತ ಹಿಂದಿನ ಕಾರಕೂನರು ಬರೆದಿಟ್ಟ ಶರಾಗಳನ್ನು ಓದಿಯೇ ನಾನು ಆ ಊರನ್ನು ಅರಿತೆನೆಂದರೆ ತಪ್ಪಾಗದು.

2009ರಲ್ಲಿ ಗಣಕಯಂತ್ರ ಬಂತು. ಅದರೊಡನೆ ಎಲ್ಲಿಯೋ ಯಾರೋ ಬರೆದ ತಂತ್ರಾಂಶವೂ ಬಂತು. ಕೂಡುವುದು ಕಳೆಯುವುದು ತಪ್ಪಿತು, ಬಡ್ಡಿಯ ಲೆಕ್ಕಕ್ಕೆ ರಾತ್ರಿ ಕಣ್ಣು ಬಿಡುವುದು ತಪ್ಪಿತು. ಆ ಉಪಕಾರವನ್ನು ಮರೆಯಲಾರೆ. ಆದರೆ ಅದರಲ್ಲಿ ಶರಾ ಇರಲಿಲ್ಲ. ಒಂದು ಮನೆ ಹೆಚ್ಚಿಗೆ ಹಾಕಿಕೊಡಿರೆಂದು ಮಾರಿದವರನ್ನು ಕೇಳಿದೆವು. ಆಗುತ್ತದೆ, ಬರೆದುಕೊಡಿ, ಮೇಲಿನವರಿಗೆ ಕಳಿಸುತ್ತೇವೆ, ಇಷ್ಟು ಖರ್ಚು ಬರುತ್ತದೆ ಎಂದರು. ಖರ್ಚು ಕೇಳಿ ಅಧ್ಯಕ್ಷರು ಸುಮ್ಮನಾದರು, ನಾನೂ ಸುಮ್ಮನಾದೆ.

ಸುಮ್ಮನಾಗದವಳು ಒಬ್ಬಳಿದ್ದಳು. ನಮ್ಮಲ್ಲಿ ಕಾರಕೂನಳಾಗಿ ಸೇರಿದ ಆಕೆ ಓದಿದ್ದು ಬಿ.ಎ., ಅದೂ ಇತಿಹಾಸ. ಗಣಕದ ವಿಷಯದಲ್ಲಿ ಆಕೆಗಿದ್ದ ವಿದ್ಯೆ ಮೂರು ತಿಂಗಳ ಟೈಪಿಂಗ್ ತರಗತಿಯಷ್ಟೇ. ಕೌಂಟರಿನಲ್ಲಿ ಆಕೆಯನ್ನು ಕೂರಿಸಿದ್ದೆವು. ರೈತರು ‘ಲೆಕ್ಕದ ಅಕ್ಕಾರ’ ಎಂದು ಕರೆಯುತ್ತಿದ್ದರು. ಕೌಂಟರಿನಲ್ಲಿ ಕೂರುವವರ ಕಣ್ಣಿಗೆ ಬೀಳುವುದು, ಒಳಗೆ ಕುರ್ಚಿಯಲ್ಲಿ ಕೂರುವವರ ಕಣ್ಣಿಗೆ ಬೀಳುವುದಿಲ್ಲ.

ಆಕೆ ಕಂಡುದು ಇದು. ಬೆಳೆಸಾಲವನ್ನು ಗಡುವಿನೊಳಗೆ ತುಂಬಿದ ರೈತನಿಗೆ ಬಡ್ಡಿ ಇಲ್ಲ. ಅದನ್ನು ಸರ್ಕಾರವೇ ಹೊರುತ್ತದೆ. ಆಗ ಆ ಸೌಲಭ್ಯ ಮೂರು ಲಕ್ಷ ರೂಪಾಯಿಯವರೆಗೆ ಇತ್ತು. 2023ರ ಜುಲೈ ತಿಂಗಳ ಮುಂಗಡಪತ್ರದಲ್ಲಿ ಅದನ್ನು ಐದು ಲಕ್ಷಕ್ಕೆ ಏರಿಸಿದರು. ಗಡುವು ದಾಟಿತೋ, ಬಡ್ಡಿ ರೈತನ ತಲೆಯ ಮೇಲೆ. ನಮ್ಮ ತಂತ್ರಾಂಶ ಕಟಬಾಕಿದಾರರ ಪಟ್ಟಿಯನ್ನು, ಎಂದರೆ ಗಡುವು ದಾಟಿದವರ ಪಟ್ಟಿಯನ್ನು, ಚಿಟಿಕೆ ಹೊಡೆಯುವುದರೊಳಗೆ ಅಚ್ಚು ಹಾಕಿಕೊಡುತ್ತಿತ್ತು. ಗಡುವು ಇನ್ನೂ ಹದಿನೈದು ದಿನ ಇರುವವರ ಪಟ್ಟಿ ಕೊಡೆಂದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಅದನ್ನು ಬರೆದವರಿಗೆ ಸಂಘವೆಂದರೆ ವಸೂಲಿ. ಬಾಕಿ ಬಿದ್ದವರೇ ಅವರ ಲೆಕ್ಕದ ಜನ. ಹಣವನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಬಂದು, “ನಿನ್ನೇನ ಮುಗದೈತ್ರಿ” ಎಂಬ ಮಾತು ಕೇಳಿ ನಿಲ್ಲುವ ಮುಖವನ್ನು ಅವರು ನೋಡಿರಲಿಲ್ಲ. ಅಕ್ಕ ವಾರಕ್ಕೆ ಎರಡು ಮುಖವನ್ನಾದರೂ ನೋಡುತ್ತಿದ್ದಳು.

2014ರಲ್ಲಿ ಆಕೆ ಯಾರ ಅಪ್ಪಣೆಯನ್ನೂ ಬೇಡದೆ ಕೋಷ್ಟಕದ ಹಾಳೆಯೊಂದನ್ನು ತೆರೆದು, ಆರುನೂರು ಚಿಲ್ಲರೆ ಸಾಲಗಾರರ ಹೆಸರು, ಸಾಲದ ಸಂಖ್ಯೆ, ಫೋನು, ಗಡುವಿನ ತಾರೀಖುಗಳನ್ನು ತುಂಬತೊಡಗಿದಳು. ಸಂಜೆ ಬಸ್ಸು ಬರುವವರೆಗಿನ ಒಂದೊಂದು ಗಂಟೆ. ಎರಡು ತಿಂಗಳು ಹಿಡಿಯಿತು. ಗಡುವಿನಿಂದ ಇಂದಿನ ದಿನವನ್ನು ಕಳೆದರೆ ಉಳಿದ ದಿನ ತಾನಾಗಿ ಬರುವಂತೆ ಮಾಡಿದಳು. ಹದಿನೈದಕ್ಕೆ ಇಳಿದವರ ಸಾಲು ಭಂಡಾರದಂತೆ ಹಳದಿಯಾಗುತ್ತಿತ್ತು. ಐದಕ್ಕೆ ಇಳಿದರೆ ಕುಂಕುಮದಂತೆ ಕೆಂಪಾಗುತ್ತಿತ್ತು. ಗುಡ್ಡದ ಸೀಮೆಯವಳಿಗೆ ಬೇರೆ ಬಣ್ಣ ಹೇಗೆ ಹೊಳೆಯಬೇಕು? ಕೊನೆಯ ಮನೆಗೆ ತಾನೇ ಹೆಸರಿಟ್ಟಿದ್ದಳು. ನನಗೆ ತೋರಿಸಿದ ದಿನ ಆ ಹೆಸರು ಕಂಡು ನನ್ನ ಗಂಟಲು ಕಟ್ಟಿತು. ಶರಾ!

ದಿನವೂ ಬೆಳಿಗ್ಗೆ ಹಳದಿ ಬಿದ್ದವರಿಗೆಲ್ಲ ಆಕೆ ಫೋನು ಮಾಡುತ್ತಿದ್ದಳು. ಆ ವರ್ಷ ಕಟಬಾಕಿಯ ಪಟ್ಟಿ ತೆಳ್ಳಗಾಯಿತು. ತಪಾಸಣೆಗೆ ಬಂದವರೊಬ್ಬರು ಅದನ್ನು ಕಂಡು ಸಂತೋಷಪಟ್ಟರು, ಕಾರಣ ಕೇಳಿ, ಹಾಳೆಯನ್ನು ನೋಡಿ, “ಇದು ಯಾವ ನಮೂನೆ? ಯಾರು ಮಂಜೂರು ಮಾಡ್ಯಾರು?” ಎಂದು ಹುಬ್ಬು ಗಂಟಿಕ್ಕಿದರು. ಚಹಾ ತರಿಸಿದೆ.

ಈ ಕೋಷ್ಟಕದ ಹಾಳೆಯ ಹುಟ್ಟೂ ಇಂತಹುದೇ. 1978ರಲ್ಲಿ ಹಾರ್ವರ್ಡಿನಲ್ಲಿ ವಾಣಿಜ್ಯ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ತರುಣ, ಗುರುಗಳು ಕರಿಹಲಗೆಯ ಮೇಲೆ ಲೆಕ್ಕದ ಕೋಷ್ಟಕ ಬರೆದು, ಒಂದು ಅಂಕಿ ಬದಲಾದರೆ ಅದಕ್ಕೆ ತಗಲಿದ ಅಂಕಿಗಳನ್ನೆಲ್ಲ ಒರಸಿ ಮತ್ತೆ ಬರೆಯುವುದನ್ನು ನೋಡುತ್ತ ಕುಳಿತಿದ್ದನಂತೆ. ಅವನೂ ಅವನ ಗೆಳೆಯ ಬಾಬ್ ಫ್ರಾಂಕ್ಸ್‌ಟನ್ನನೂ ಸೇರಿ ತಂದ ವಿಸಿಕ್ಯಾಲ್ಕ್ ಎಂಬುದು 1979ರಲ್ಲಿ ಪೇಟೆಗೆ ಬಂತು. ತಂತ್ರಾಂಶ ಬರೆಯಲು ಬಾರದ ಗುಮಾಸ್ತನೂ ತನ್ನ ಲೆಕ್ಕದ ಯಂತ್ರವನ್ನು ತಾನೇ ಕಟ್ಟಿಕೊಳ್ಳಬಹುದಾದದ್ದು ಅಂದಿನಿಂದ. ಅಣ್ಣನ ಮಗ ಹೊಸ ಹುಚ್ಚೆಂದು ಬೈಯುವುದಕ್ಕೆ ನಾಲ್ವತ್ತು ವರ್ಷ ಮೀರಿದ ವಯಸ್ಸಾಗಿದೆ.

ಈಗ ನನ್ನ ತಪ್ಪಿಗೆ ಬರಬೇಕು. ಇದುವರೆಗೆ ಬಳಸಿದ್ದು ಸಾಕು.

2016ರ ಜನವರಿಯಲ್ಲಿ ಅಕ್ಕ ಹೆರಿಗೆಗೆಂದು ತವರಿಗೆ ಹೋದಳು. ಹೋಗುವಾಗ, “ಸರ್ರ, ದಿನಾ ಮುಂಜಾನೆ ತಗದು ಹಳದೀ ನೋಡ್ರಿ, ಫೋನ್ ಮಾಡ್ರಿ. ಮತ್ತೇನೂ ಮುಟ್ಟಬ್ಯಾಡ್ರಿ,” ಎಂದಿದ್ದಳು. ಹದಿನೈದು ದಿನ ಹಾಗೆಯೇ ಮಾಡಿದೆ. ಆಮೇಲೆ ಆಡಳಿತ ಮಂಡಳಿಯ ಸಭೆಗೆ ಸಾಲಗಾರರ ಹೆಸರುಗಳು ಅಕಾರಾದಿಯಾಗಿ ಬೇಕಾದವು. ಹೆಸರಿನ ಕಂಬವನ್ನಷ್ಟೇ ಆರಿಸಿ, ಅನುಕ್ರಮವಾಗಿ ಜೋಡಿಸೆಂದು ಯಂತ್ರಕ್ಕೆ ಆಜ್ಞಾಪಿಸಿದೆ. ಅದು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿತು: ಪಕ್ಕದ ಮನೆಗಳನ್ನೂ ಸೇರಿಸಿಕೊಳ್ಳಲೋ, ಆರಿಸಿದಷ್ಟೇ ಸಾಕೋ? ಜೀವಮಾನವೆಲ್ಲ ಮಿತವ್ಯಯದಲ್ಲಿ ಕಳೆದ ನಾನು ಆರಿಸಿದಷ್ಟೇ ಸಾಕೆಂದೆ. ಹೆಸರುಗಳೆಲ್ಲ ಮೇಲೆ ಕೆಳಗೆ ಜಿಗಿದವು. ಫೋನು, ಸಾಲದ ಸಂಖ್ಯೆ, ತಾರೀಖುಗಳು ಇದ್ದಲ್ಲಿಯೇ ಕುಳಿತವು. ಅಕಾರಾದಿಯಾದರೂ ಬಂತೇ ಎಂದರೆ ಅದೂ ಇಲ್ಲ. ನಾವು ಹೆಸರುಗಳನ್ನು ಹಳೆಯ ನುಡಿ ಅಕ್ಷರದಲ್ಲಿ ಟೈಪು ಮಾಡಿದ್ದೆವು. ನಮ್ಮ ಕಣ್ಣಿಗೆ ಅದು ಕನ್ನಡ. ಯಂತ್ರದ ಹೊಟ್ಟೆಯೊಳಗೆ ಅವೆಲ್ಲ ಇಂಗ್ಲಿಷಿನ ಚಿಹ್ನೆಗಳು. ಅದರ ಅನುಕ್ರಮಕ್ಕೂ ನಮ್ಮ ಅ-ಆ-ಇ-ಈಗೂ ನಂಟಿಲ್ಲ. ಇದು ಆಗದ ಕೆಲಸವೆಂದು ಹಾಳೆಯನ್ನು ಮುಚ್ಚಿದೆ. ಉಳಿಸಲೇ ಎಂದು ಕೇಳಿತು; ಉಳಿಸು ಎಂದೆ.

ಒಬ್ಬನ ಹೆಸರಿನ ಮುಂದೆ ಇನ್ನೊಬ್ಬನ ಗಡುವು. ನನಗೆ ಅದರ ಅರಿವೇ ಇಲ್ಲ. ಹಳದಿ ಹಳದಿಯಾಗಿಯೇ ಇತ್ತು, ಕೆಂಪು ಕೆಂಪಾಗಿಯೇ ಇತ್ತು.

ಒಬ್ಬ ಮುದುಕರು ಕೌಂಟರಿಗೆ ಬಂದು ತಮ್ಮ ಗಡುವು ಯಾವಾಗ ಎಂದು ಕೇಳಿದರು. ಕಡಲೆ ಮಾರಿದ ಹಣ ಕೈಯಲ್ಲಿತ್ತು. ಹಾಳೆಯಲ್ಲಿ ಹೆಸರು ಹುಡುಕಿ, “29ನೇ ತಾರೀಖಿನ ತನಕಾ ಐತ್ರಿ ಅಜ್ಜಾರ. ಭಾರತ ಹುಣ್ಣಿವಿ ಮುಗಿಸ್ಕೊಂಡ ಬರ್ರಿ,” ಎಂದೆ. ಆ ವರ್ಷ ಭಾರತ ಹುಣ್ಣಿಮೆ ಫೆಬ್ರುವರಿ 22ರಂದು. ಗುಡ್ಡಕ್ಕೆ ಹೋಗಿ ಬಂದು 25ಕ್ಕೆ ಹಣ ತಂದರು. ತಂತ್ರಾಂಶದಲ್ಲಿ ಪಾವತಿ ಮಾಡಹೊರಟರೆ ಬಡ್ಡಿ ಬಿತ್ತು: ನಾಲ್ಕು ಸಾವಿರದ ಚಿಲ್ಲರೆ. ಅವರ ನಿಜವಾದ ಗಡುವು 20ಕ್ಕೇ ಮುಗಿದಿತ್ತು. ಯಂತ್ರ ಕೆಟ್ಟಿದೆ ಎಂದು ಕೂಗಾಡಿದವನು ನಾನು. ಪಾಸುಬುಕ್ಕನ್ನು ತೆಗೆದು ಮೆಲ್ಲಗೆ ಮುಂದಿಟ್ಟವರು ಅವರು.

ಅಂದು ರಾತ್ರಿ ಹನ್ನೆರಡರವರೆಗೆ ಕುಳಿತು ಸಾಲದ ರಜಿಸ್ಟರಿಗೆ ಹಾಳೆಯನ್ನು ತಾಳೆ ನೋಡಿದೆ. ನಾನು ತಪ್ಪು ತಾರೀಖು ಹೇಳಿದವರು ಹನ್ನೊಂದು ಜನ. ಹತ್ತು ಜನರ ಗಡುವು ಇನ್ನೂ ದಾಟಿರಲಿಲ್ಲ. ಮರುದಿನ ಮೋಟರುಸೈಕಲ್ಲಿನಲ್ಲಿ ಹತ್ತು ಮನೆಗೂ ಹೋಗಿ ಬಂದೆ. ಹನ್ನೊಂದನೆಯದು ಮುದುಕರ ಮನೆ. ಬಡ್ಡಿಯ ಹಣವನ್ನು ನನ್ನ ಕೈಯಿಂದ ತುಂಬಿದ್ದೇನೆಂದು ಹೇಳಿದೆ. ಅವರು ಬೇಡವೆನ್ನಲಿಲ್ಲ, ಬೇಡವೆನ್ನುವಷ್ಟು ಅನುಕೂಲಸ್ಥರಲ್ಲ. ಮಜ್ಜಿಗೆ ತರಿಸಿ ಕೊಟ್ಟು, ಒಳಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಇದ್ದಲಿಯಿಂದ ಎಳೆದ ಹಳೆಯ ಗೆರೆಗಳಿದ್ದವು.

“ಪಟ್ಟಿ ಇಲ್ದಾಗ ನಮ್ಮ ಮನ್ಯಾಕಿ ಇಲ್ಲಿ ಗೆರಿ ಹಾಕ್ತಿದ್ಲ್ರಿ ಸಾಹೇಬ್ರ, ತಿಂಗಳಿಗೊಂದು. ಅಕ್ಕಾರ ಫೋನ್ ಬರಾಕ ಹತ್ತಿತು, ಗೆರಿ ಬಿಟ್ಟಿವಿ,” ಎಂದರು.

ಅವರು ಬೈದಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ.

ಇಂತಹುದು ಹಳ್ಳಿಯ ಗುಮಾಸ್ತನಿಗೆ ಮಾತ್ರ ಆಗುತ್ತದೆಂದು ತಿಳಿಯಬೇಡಿ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರ ಲೆಕ್ಕದಿಂದ 15,841 ಕೊರೋನಾ ರೋಗಿಗಳು ಬಿಟ್ಟುಹೋದರು. ಹಳೆಯ ಮಾದರಿಯ ಕೋಷ್ಟಕದ ಹಾಳೆಗೆ 65,536 ಸಾಲುಗಳ ಮಿತಿ. ತುಂಬಿದ ಮೇಲೆ ಬಂದ ಹೆಸರುಗಳನ್ನು ಅದು ಸದ್ದಿಲ್ಲದೆ ಹೊರಗೆ ಬಿಟ್ಟಿತು. ಅವರೊಡನೆ ಒಡನಾಡಿದವರನ್ನು ಹುಡುಕಿ ಎಚ್ಚರಿಸುವುದು ಅಷ್ಟು ದಿನ ತಡವಾಯಿತು. ಸೋಂಕು ಕಾಯುತ್ತ ಕೂರುವುದಿಲ್ಲ. ಅದರ ಮುಂದೆ ನನ್ನ ನಾಲ್ಕು ಸಾವಿರ ಏನೂ ಅಲ್ಲ. ಆದರೆ ಎರಡೂ ಕಡೆ ನಡೆದದ್ದು ಒಂದೇ ರೀತಿ: ಹಾಳೆ ತಪ್ಪನ್ನು ನುಂಗಿಕೊಂಡು ಮೊದಲಿನಂತೆಯೇ ಸುಂದರವಾಗಿ ಕಾಣುತ್ತಿತ್ತು.

ಅಕ್ಕ ಕೂಸನ್ನು ಎತ್ತಿಕೊಂಡು ಬೇಸಿಗೆಯಲ್ಲಿ ತಿರುಗಿ ಬಂದಳು. ಎಲ್ಲವನ್ನೂ ಒಪ್ಪಿಸಿದೆ. ಸಿಟ್ಟು ಬರುವುದೆಂದು ಕಾದಿದ್ದೆ. ಬಹಳ ಹೊತ್ತು ಹಾಳೆಯನ್ನೇ ನೋಡಿ, “ತಪ್ಪ ನಿಮ್ದಲ್ರಿ ಸರ್. ಮುಟ್ಟಿದ್ರ ಕೆಡೂವಂಥಾದ್ದು ಮಾಡಿ, ಒಬ್ಬಾಕೀಗಷ್ಟ ತಿಳೀವಂಗ ಇಟ್ಟ ಹೋದ್ನಲಾ, ಅದು,” ಎಂದಳು.

ನನ್ನ ತಾಯಿಯ ತವರಿನಲ್ಲಿ ಅಟ್ಟದ ಮೇಲೆ ಕೆಂಪು ರುಮಾಲಿನಲ್ಲಿ ಕಟ್ಟಿಟ್ಟ ಹಳೆಯ ದಫ್ತರವೊಂದಿದೆ. ಆ ಮನೆಯವರು ಕುಲಕರ್ಣಿಕೆ ನಡೆಸಿದವರು. ಊರಿನ ಲೆಕ್ಕವೆಲ್ಲ ಮೋಡಿ ಲಿಪಿಯಲ್ಲಿ ಅದರಲ್ಲಿದೆ. ಮುಂಬಯಿ ಸರ್ಕಾರ 1950ರ ಕಾಯಿದೆಯಿಂದ ಕುಲಕರ್ಣಿ ವತನವನ್ನು ತೆಗೆದುಹಾಕಿತು. ಈಗ ಆ ಮನೆಯಲ್ಲಿ ಮೋಡಿ ಓದಬಲ್ಲವರು ಒಬ್ಬರೂ ಇಲ್ಲ. ಅದನ್ನು ಬರೆದವರು ಬದುಕಿದ್ದಾಗ ಊರಿಗೆ ಅದು ವೇದವಾಗಿತ್ತು. ಈಗ ಇಲಿಗಳ ಪಾಲು. ಅಕ್ಕ ಹಾಗೆಂದಾಗ ಏಕೋ ಆ ರುಮಾಲೇ ಕಣ್ಣ ಮುಂದೆ ಬಂತು.

ಆಮೇಲೆ ಆಕೆ ಮಾಡಿದ ಏರ್ಪಾಟನ್ನು ಅಣ್ಣನ ಮಗನಿಗೆ ವಿವರವಾಗಿ ಹೇಳಿದೆ. ಸಂಖ್ಯೆ-ಹೆಸರುಗಳ ಜೋಡಿಯ ಇನ್ನೊಂದು ಪ್ರತಿಯನ್ನು ಬೇರೆ ಹಾಳೆಯಲ್ಲಿಟ್ಟು, ಎರಡೂ ತಾಳೆಯಾಗದಿದ್ದರೆ ಇಡೀ ಸಾಲು ಕಪ್ಪಾಗುವಂತೆ ಮಾಡಿದಳು. ಬರೆಯಬೇಕಾದ ಮನೆಗಳನ್ನಷ್ಟೇ ತೆರೆದಿಟ್ಟು ಉಳಿದವುಗಳಿಗೆ ಬೀಗ ಹಾಕಿದಳು. ಕೀಲಿ ನಮ್ಮಿಬ್ಬರ ಬಳಿ. ಹೆಸರುಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿದಳು. ವಾರಕ್ಕೊಮ್ಮೆ ಹತ್ತು ಸಾಲುಗಳನ್ನು ಕಣ್ಣುಮುಚ್ಚಿ ಆರಿಸಿ ರಜಿಸ್ಟರಿನೊಡನೆ ತಾಳೆ ನೋಡುವುದು ನನ್ನ ಕೆಲಸವಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ನೂರು ಪುಟದ ನೋಟುಬುಕ್ಕೊಂದನ್ನು ತಂದು, ಯಾವ ಮನೆಯಲ್ಲಿ ಏನಿದೆ, ಏಕಿದೆ, ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಅಚ್ಚ ಕನ್ನಡದಲ್ಲಿ ಬರೆದಿಟ್ಟಳು.

“ಇದಕ್ಕ ನಮ್ಮಲ್ಲಿ ದೊಡ್ಡ ದೊಡ್ಡ ಹೆಸರ ಅದಾವು ಕಾಕಾ,” ಎಂದ ಅವನು. “ಮಾಡವ್ರು ಮಾತ್ರ ಯಾರೂ ಇಲ್ಲ.”

ಎಲ್ಲವನ್ನೂ ಎಲ್ಲರ ಕೈಗೂ ಕೊಡಬೇಕೆಂದು ವಾದಿಸುವವನು ನಾನಲ್ಲ. ತಲಾಠಿಯ ಕೈಬರಹದ ಉತಾರದ ಕಾಲವನ್ನು ಕಂಡವನಿಗೆ, ಒಂದೇ ಅಚ್ಚಿನ ಲೆಕ್ಕದ ಬೆಲೆ ಗೊತ್ತು. ‘ಭೂಮಿ’ ಯೋಜನೆ ಬಂದು ಪಹಣಿಗಳು ಗಣಕಕ್ಕೆ ಏರಿದ ಮೇಲೆ, ಹೊಲದ ಒಡೆಯನ ಹೆಸರನ್ನು ಒಬ್ಬನ ಮಸಿಕುಡಿಕೆಯ ಮರ್ಜಿಗೆ ಬಿಡುವುದು ತಪ್ಪಿತು. ಯಾರ ಸಾಲ ಎಷ್ಟು ಎಂಬುದೂ ಹಾಗೆಯೇ. ಅದಕ್ಕೆ ಊರಿಗೊಂದು ಹಾಳೆ ಸಲ್ಲದು. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಒಂದು ಸಾಮಾನ್ಯ ತಂತ್ರಾಂಶದ ಕೆಳಗೆ ತರಲು ಒಪ್ಪಿದಾಗ ನಾನು ಸಂತೋಷಪಟ್ಟವನೇ. ಆದರೆ ನಾಳೆ ಯಾರಿಗೆ ಫೋನು ಮಾಡಬೇಕು, ಯಾರ ಮನೆಯಲ್ಲಿ ಲಗ್ನ, ಯಾರ ಎತ್ತು ಸತ್ತಿದೆ, ಇದನ್ನು ದಿಲ್ಲಿಯಲ್ಲಿ ಕುಳಿತವರು ಊಹಿಸಿ ಬರೆಯಲಾರರು. ಅವರ ಬುದ್ಧಿಗೆ ಕೊರತೆಯೆಂದಲ್ಲ, ಕೌಂಟರು ಅಲ್ಲಿಲ್ಲ.

ಮರುದಿನ ಅಣ್ಣನ ಮಗನನ್ನು ಕರೆದುಕೊಂಡು ಸೊಸಾಯ್ಟಿಗೆ ಹೋದೆ. ಅಕ್ಕ ಈಗ ಅಲ್ಲಿ ಕಾರ್ಯದರ್ಶಿ. ಮಗ ಶಾಲೆಗೆ ಹೋಗುತ್ತಾನೆ. ಹೊಸ ತಂತ್ರಾಂಶ ಬಂದ ಮೇಲೆ ಪಟ್ಟಿಯ ಗತಿಯೇನೆಂದು ಕೇಳಿದೆ. “ಅದ್ರಾಗಿಂದ ತಾರೀಖ ತಗೋತೀನ್ರಿ, ಪಟ್ಟಿ ನಂದ ನಡಸ್ತೀನಿ,” ಎಂದಳು. ಒಂದು ಸಲ ಮೊಬೈಲಿನಲ್ಲಿ ಯಂತ್ರಕ್ಕೆ ಕನ್ನಡದಲ್ಲಿಯೇ ಹೇಳಿ ಇಂತಹುದೊಂದು ಪಟ್ಟಿಯನ್ನು ಬರೆಯಿಸಿ ನೋಡಿದಳಂತೆ. ಐದು ನಿಮಿಷದಲ್ಲಿ ಬಂತಂತೆ. “ಚಂದ ಮಾಡಿತ್ರಿ. ಒಳಗ ಏನ ಮಾಡೇತಿ ಅನ್ನೂದು ನಂಗ ಓದಾಕ ಬರಲಿಲ್ಲ. ಅದಕ್ಕ ಬಿಟ್ಟೆ.”

ಅಣ್ಣನ ಮಗ ನೋಟುಬುಕ್ಕನ್ನು ಕೇಳಿ ಪಡೆದ. ಮೂಲೆಗಳು ಮಡಚಿ, ಅರಿಸಿನದ ಬೆರಳಚ್ಚುಗಳು ಮೂಡಿ ಅದು ಪಂಚಾಂಗದಂತಾಗಿತ್ತು. ಮೊದಲ ಪುಟದಿಂದ ನಿಂತುಕೊಂಡೇ ಓದತೊಡಗಿದವನು ಕುರ್ಚಿ ಎಳೆದು ಕುಳಿತ. ಆಮೇಲೆ ಒಂದೊಂದೇ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳತೊಡಗಿದ. ಕಂಪನಿಯಲ್ಲಿ ರಜಾ ಲೆಕ್ಕ ಇಡುವಾಕೆಗೆ ತೋರಿಸಬೇಕಂತೆ.

“ಹನ್ನೊಂದನೇ ಪುಟಾ ಬಿಡ್ರಿ ಅಣ್ಣಾರ,” ಎಂದಳು ಅಕ್ಕ, ನನ್ನ ಕಡೆ ನೋಡದೆ.

ಅವನು ಹನ್ನೊಂದನ್ನೇ ತೆರೆದ. ಅದರ ತಲೆಯ ಮೇಲೆ, ಕೆಂಪು ಮಸಿಯಲ್ಲಿ, ರೂಲುಕೋಲಿಟ್ಟು ಅಡಿಗೆರೆ ಎಳೆದು ಬರೆದಿತ್ತು: ‘ಸರ್ ಮಾಡಿದ ತಪ್ಪು, ಮತ್ತು ಅದು ಆಗದಂತೆ ನೋಡಿಕೊಳ್ಳುವ ರೀತಿ.’